ನಡುಗಡ್ಡೆಯ ಮೇಲೆ ಸುಂದರವ್ವನ ಒಲೆ

ಮುದ್ದೇಬಿಹಾಳದ ನನ್ನ ಹಣ್ಣಿನ ಅಂಗಡಿಯ ಕಾಟಾದ ಮೇಲೆ ನಿಲ್ಲಿಸಿದರೆ ಸುಂದರವ್ವ ಒಂದು ಚೀಲ ಉಳ್ಳಾಗಡ್ಡಿಗಿಂತ ಹಗುರ. ಸಿಪ್ಪೆ ಸುಕ್ಕು, ಮುಂದಿನ ಹಲ್ಲು ಮಾಯ, ಎಡಗಾಲು ಸ್ವಲ್ಪ ಸೊಟ್ಟ. ಒಳಗೆ ಹುಳುಕಿಲ್ಲ. ಬಾಯಿ ತೂಗಲು ಮಾತ್ರ ಬೇರೆ ತಕ್ಕಡಿ ಬೇಕು.

ಆಕೆಯ ಊರು ತಂಗಡಗಿ, ಹೊಲವೆಂದರೆ ಕೃಷ್ಣೆಯ ನಡುಗಡ್ಡೆ. ಬೇರೆ ನೆಲ ಆಕೆಗಿಲ್ಲ. ಹಿಂದೆ ಅಲ್ಲಿ ಬೇಸಿಗೆಯೆಲ್ಲ ಗುಡಿಸಲುಗಳಿದ್ದವು. ಆಕೆಯ ಅತ್ತೆ ಹುಟ್ಟಿದ್ದೇ ಅಲ್ಲಿಯಂತೆ. ಈಗ ಅಣೆಕಟ್ಟಿನ ಹಿನ್ನೀರು ಇಳಿದಾಗಷ್ಟೇ ಗಡ್ಡೆ ಮೇಲೇಳುತ್ತದೆ, ಪ್ರತಿ ಸಲ ಬೇರೆ ಆಕಾರದಲ್ಲಿ. ಹೋದ ವರ್ಷ ಎತ್ತಿನ ಬೆನ್ನಿನಂತಿದ್ದದ್ದು ಈ ವರ್ಷ ಕುಡುಗೋಲಿನಂತೆ ಬಾಗಿತ್ತು. ಹೊಸ ಮೆಕ್ಕಲು ಮಿಂದೆದ್ದ ಎಮ್ಮೆಯ ಮೈಯಂತೆ ಹೊಳೆಯುತ್ತಿತ್ತು. ಅಂಚಿನುದ್ದಕ್ಕೂ ಬೆಳ್ಳಕ್ಕಿ ಸಾಲು.

ಗೆರೆ ನಿಲ್ಲದ ಈ ನೆಲಕ್ಕೆ ಹಿಂದಿನವರು ಒಂದು ರಿವಾಜು ಮಾಡಿಟ್ಟಿದ್ದಾರೆ. ನೀರು ಇಳಿದ ಮೇಲೆ ಅಲ್ಲಿ ಮೊದಲು ಒಲೆ ಹೂಡಿ ಅಡುಗೆ ಮಾಡಿದವರು ಆ ವರ್ಷದ ಬೆಳೆಗೆ ತಮಗೆ ಬೇಕಾದ ತುದಿಯನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳಬಹುದು. ಪರ ಊರಿನವನೊಬ್ಬ ಆ ಅಡುಗೆ ಉಂಡರೆ ಅದೇ ಸಾಕ್ಷಿ.

ಈ ಸಲ ದಂಡೆಯ ಪಂಪ್‌ಸೆಟ್ಟುಗಳ ಒಡೆಯ ಸೋಮನಿಂಗ ಇಡೀ ಗಡ್ಡೆಯನ್ನೇ ಹಿಡಿಯಲು ಹೊರಟ. ಯಾಕೂಬಸಾಬನ ದೋಣಿಯನ್ನು ದಿನಪೂರ್ತಿ ಬಾಡಿಗೆಗೆ ಪಡೆದು ಆಳು, ಗೂಟ, ಹಗ್ಗ ತುಂಬಿದ. ಗಡ್ಡೆಯ ಕಲ್ಲಂಗಡಿಯೆಲ್ಲ ಒಂದೇ ಕೈಯಲ್ಲಿದ್ದರೆ ನನಗೂ ಖರೀದಿ ಸಲೀಸು, ನಾನೂ ಹತ್ತಿದೆ.

ದಂಡೆಯಲ್ಲಿ ಸುಂದರವ್ವ ನಿಂತಿದ್ದಳು. "ಯಾಕೂಬಣ್ಣ, ನನ್ನೂ ಹತ್ತಿಸ್ಕೋ."

"ಈ ಹೊತ್ತು ದೋಣಿ ಸೋಮನಿಂಗಂದೈತಿ, ಯಕ್ಕಾ."

"ದೋಣಿ ಅವಂದಿರಲಿ. ಹೊಳಿನೂ ಬಾಡಿಗಿಗೆ ಹಿಡದಾನೇನು?"

ಸೋಮನಿಂಗ ನಕ್ಕ. "ಯಮ್ಮಾ, ಈ ವಯಸ್ಸಿನಾಗ ಮನ್ಯಾಗ ಕುಂಡ್ರು."

"ಎಲ್ಲಿ ಕುಂಡ್ರಬೇಕಂತ ನೀ ಹೇಳಬ್ಯಾಡ."

ನಾವು ಗಡ್ಡೆ ಸೇರಿದೆವು. ಆಳುಗಳು ಗೂಟ ಬಡಿದು, ಸುತ್ತಲೂ ಹಗ್ಗ ಎಳೆದು, ದಣಿದು ಕುಳಿತು ಬುತ್ತಿ ಬಿಚ್ಚಿದರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ನಾನು ಕೈ ತೊಳೆಯಲು ಹೋದಾಗ ನೀರಿನ ಮೇಲೆ ಎರಡು ಒಣ ಸೋರೆಬುರುಡೆ ತೇಲಿ ಬರುತ್ತಿದ್ದವು. ನಡುವೆ ಒಂದು ತಲೆ, ತಲೆಯ ಮೇಲೆ ಮುಚ್ಚಿದ ಗಡಿಗೆ.

ಸೊಂಟದ ಬುರುಡೆ ಬಿಚ್ಚುತ್ತ ಸುಂದರವ್ವ ಹಗ್ಗ ದಾಟಿದಳು. ಕೈಯಲ್ಲೇ ಕುಣಿ ತೋಡಿದಳು, ಹೊಳೆ ತಂದು ಬಿಟ್ಟಿದ್ದ ಕಟ್ಟಿಗೆ ಒಟ್ಟಿದಳು, ಗಡಿಗೆಯಿಂದ ಕಡಲೆಹಿಟ್ಟು, ಉಳ್ಳಾಗಡ್ಡಿ, ಕಡ್ಡಿಪೆಟ್ಟಿಗೆ ತೆಗೆದಳು. ಹೊಗೆ ಎದ್ದಿತು.

"ಏ ಯಮ್ಮಾ, ಹಗ್ಗ ಕಾಣವಲ್ದೇನು?" ಎಂದು ಸೋಮನಿಂಗ ಕೂಗಿದ.

"ಹಗ್ಗ ಕಾಣತೈತಿ. ನಿನ್ನ ಒಲಿ ಕಾಣವಲ್ದು."

ರೊಟ್ಟಿ ಅವನ ಬಾಯಿಯ ಹತ್ತಿರವೇ ನಿಂತಿತು. ಗೂಟ ತಂದಿದ್ದ, ಹಗ್ಗ ತಂದಿದ್ದ, ಬೆಂಕಿಯನ್ನು ಮಾತ್ರ ಮರೆತಿದ್ದ. "ಬುತ್ತಿನೂ ಅಡಿಗೀನ ಅಲ್ಲೇನು?" ಎಂದ.

"ಅದು ನಿನ್ನ ಮನ್ಯಾಗ ಬೆಂದೈತಿ. ನಿನ್ನ ಮನಿ ನಿನಗಿರಲಿ, ನಾ ಕೇಳಂಗಿಲ್ಲ."

ಆಳೊಬ್ಬ ನಕ್ಕು, ಒಡೆಯನ ಮುಖ ನೋಡಿ ಕೆಮ್ಮಿದ. ಯಾಕೂಬಸಾಬ ಅಷ್ಟರಲ್ಲಿ ಒಲೆಯ ಪಕ್ಕ ಕುಳಿತಾಗಿತ್ತು. ಸೋಮನಿಂಗ ಗದರಿದಾಗ, "ದೋಣಿ ನಿಮ್ಮ ಬಾಡಿಗಿದ್ರಿ, ಹೊಟ್ಟಿ ನಂದು" ಎಂದ. ಆದರೆ ಅವನು ಊರವನು, ಸಾಕ್ಷಿಗೆ ನಡೆಯುವುದಿಲ್ಲ. ಅಲ್ಲಿ ಪರ ಊರಿನವನು ನಾನೊಬ್ಬನೇ.

"ಸಾವಕಾರ್ರ, ಉಣ್ಣಾಕ ಬರ್ರಿ," ಅಂದಳು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕರೆದ ದನಿಯಲ್ಲಿ ಬೇಡಿಕೆ ಇರಲಿಲ್ಲ.

ವ್ಯಾಪಾರದ ಬುದ್ಧಿ ಸೋಮನಿಂಗನ ಬುತ್ತಿಯ ಕಡೆ ಎಳೆಯಿತು. ಆದರೂ ನಾನು ಎದ್ದು ಹೋಗಿ ಒಲೆಯ ಮುಂದೆ ಕುಳಿತೆ. ಬಿಸಿ ಝುಣಕವನ್ನು ನನ್ನ ಅಂಗೈಗೇ ಬಡಿಸಿದಳು.

"ಉಪ್ಪು ಕಮ್ಮಿ ಐತಿ, ಸುಂದರವ್ವ."

"ಸೆರಗಿನಾಗ ಕಟ್ಟಿದ್ದೆ, ಹೊಳ್ಯಾಗ ಕರಗಿತ್ರಿ. ಮುಂದಿನ ಸಲ ದೋಣ್ಯಾಗ ಕರಕೊಂಡು ಬರ್ರಿ, ಪೂರಾ ಹಾಕತೇನಿ."

ಸೋಮನಿಂಗ ಆಳುಗಳಿಂದ ಗೂಟ ಕೀಳಿಸಿ ಹಗ್ಗ ಸುತ್ತಿಸಿಕೊಂಡ. ಸುಂದರವ್ವ ಕುಡುಗೋಲಿನ ಹಿಡಿಯಂತಿದ್ದ ಅಗಲದ ತುದಿ ಆರಿಸಿಕೊಂಡಳು. ಈಗ ಅಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿದೆ. ಆಕೆಯ ಕೈಯ ಅಡುಗೆ ನಾನು ಉಂಡಿದ್ದೇನೆ. ನನ್ನ ಮನೆಯಲ್ಲಿ ಆಕೆ ಇನ್ನೂ ಉಂಡಿಲ್ಲ. ಸುಂದರವ್ವನಿಗೆ ನಾನು ಒಂದು ಊಟ ಬಾಕಿ ಇದ್ದೇನೆ.