ಮಂತ್ರಿಯ ಹೆಂಡತಿ ಹೇಳಿದ ಮಾತು

ವೈಟ್‌ಫೀಲ್ಡಿನ ದೊಡ್ಡ ಆಸ್ಪತ್ರೆಯೊಂದರ ಹಿಂದೆ, ಮೊದಲು ನಮ್ಮ ರಾಗಿ ಹೊಲ ಇದ್ದ ಜಾಗದಲ್ಲೇ, ನಾನೂ ನಮ್ಮ ಯಜಮಾನರೂ ಗೆಸ್ಟ್‌ಹೌಸ್ ನಡೆಸುತ್ತೇವೆ. ಉಳಿಯುವವರೆಲ್ಲ ಹೊರದೇಶದಿಂದ ಚಿಕಿತ್ಸೆಗೆ ಬಂದವರು. ಹೋದ ವರ್ಷ ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದಿಂದ ಹಿರಿಯ ರಾಜಕಾರಣಿಯೊಬ್ಬರು ಹೃದಯದ ಆಪರೇಷನ್ನಿಗೆಂದು ಬಂದಿದ್ದರು. ಜೊತೆಗೆ ಅವರ ಹೆಂಡತಿ.

ಗಂಡ ಆಸ್ಪತ್ರೆಯಲ್ಲಿದ್ದಾಗ ಆಕೆ ಬೇಸರ ಕಳೆಯಲು ನನ್ನ ಅಡುಗೆಮನೆಗೆ ಬರುತ್ತಿದ್ದರು. ನಮ್ಮ ತುರಿಮಣೆ ಕಂಡು, ನಮ್ಮಲ್ಲೂ ಹೀಗೇ ಕೂತು ಕಾಯಿ ತುರಿಯುತ್ತೇವೆ ಎಂದು ತಾವೇ ಕೂತುಬಿಟ್ಟರು. ಇಬ್ಬರದೂ ಹರಕುಮುರುಕು ಇಂಗ್ಲಿಷ್.

ಒಂದು ಮಧ್ಯಾಹ್ನ ಕಾಯಿ ತುರಿಯುತ್ತಲೇ ಮಗನ ವಿಷಯ ಹೇಳಿದರು. ಗಂಡ ಆಗ ಆರೋಗ್ಯ ಮಂತ್ರಿ. ಹೊಸ ಆಸ್ಪತ್ರೆ ಕಟ್ಟಿಸಿ ಟೇಪು ಕತ್ತರಿಸಿದ್ದರು; ಒಳಗೆ ಆಪರೇಷನ್ ಮಾಡಬಲ್ಲ ಡಾಕ್ಟರೇ ಇರಲಿಲ್ಲ. ಚುನಾವಣೆ ಹತ್ತಿರವಿತ್ತು. ಕಾಲೇಜು ಓದುತ್ತಿದ್ದ ಮಗನಿಗೆ ಅಪೆಂಡಿಕ್ಸ್ ಒಡೆದಾಗ, ಪಕ್ಕದ ದೇಶಕ್ಕೆ ವಿಮಾನದಲ್ಲಿ ಕಳಿಸೋಣ ಎಂದು ಆಕೆ ಕಾಲು ಹಿಡಿದರಂತೆ. ಮಂತ್ರಿಯ ಮಗನೇ ಹೊರಗೆ ಹೋದರೆ ಜನ ಏನೆಂದುಕೊಂಡಾರು ಎಂದು ಅವರು ಒಪ್ಪಲಿಲ್ಲ. ಮಗ ಅಲ್ಲೇ ಸತ್ತ. ಮಣ್ಣು ಮಾಡುವಾಗ ಅವರು, ನಿಮ್ಮ ಮಕ್ಕಳಿಗೆ ಸಿಗುವ ಚಿಕಿತ್ಸೆಯೇ ನನ್ನ ಮಗನಿಗೂ ಸಿಕ್ಕಿತು ಎಂದು ಭಾಷಣ ಮಾಡಿದರು. ಜನ ಅತ್ತರು. ಓಟು ಹಾಕಿದರು.

"ಇವರಿಗೆ ಎದೆನೋವು ಬಂದ ದಿನವೇ ವಿಮಾನದ ಟಿಕೆಟ್ ಆಯ್ತು," ಎಂದರು ಆಕೆ.

ಅಂದಿನಿಂದ ಆ ಮನುಷ್ಯನಿಗೆ ಬಹುವಚನ ಹಚ್ಚಲು ನನಗೆ ಬಾಯಿ ಬಂದಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ನಮ್ಮ ಯಜಮಾನರಿಗೆ ವಾರ್ಡಿನ ಚುನಾವಣೆಗೆ ನಿಲ್ಲುವ ಆಸೆ. ವಿದೇಶಿ ಮಂತ್ರಿ ಮನೆಯಲ್ಲಿದ್ದಾರೆಂದು ಊರ ಹಿರಿಯರನ್ನೂ ಪಕ್ಷದವರನ್ನೂ ಕರೆಸಿ, ಮೈಸೂರು ಪೇಟ ತೊಡಿಸಿ, ಏಲಕ್ಕಿ ಹಾರ ಹಾಕಿಸಿದರು. ಆತ ಕೂತಲ್ಲೇ ನಾಲ್ಕು ಮಾತಾಡಿದ. ಜನಸೇವೆಗಾಗಿ ಮಗನನ್ನೇ ಕೊಟ್ಟೆ ಎಂದ. ಯಾರೋ ಕನ್ನಡಕ್ಕೆ ತಿರುಗಿಸಿದ ಮೇಲೆ ಚಪ್ಪಾಳೆ ಬಿತ್ತು. ಬಾಗಿಲ ಬಳಿ ನಿಂತಿದ್ದ ಆಕೆ ಮೆಲ್ಲಗೆ ಏನೋ ಅಂದರು. ಏನಂತೆ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು.

"ಕೊಟ್ಟಿದ್ದಲ್ಲ, ಸಾಯೋಕೆ ಬಿಟ್ಟಿದ್ದು ಅಂತಾವ್ರೆ," ಎಂದೆ.

ಯಜಮಾನರು ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು. ಬಿರಿಯಾನಿ ಬಡಿಸುವ ಹೊತ್ತಿಗೆ ಮತ್ತೆ ನಗು ಶುರುವಾಗಿತ್ತು. ನಿಂಗ್ಯಾಕೆ ಬೇಕಿತ್ತು ಈ ಉಸಾಬರಿ ಎಂದು ಯಜಮಾನರು ಒಳಗೆ ಬಂದು ಹಲ್ಲು ಕಡಿದರು.

ವಾಪಸು ಹೋದ ಮೇಲೆ ಆತ ಮತ್ತೆ ಗೆದ್ದ. ಎದೆಯ ಹೊಲಿಗೆ ತೋರಿಸಿ ಓಟು ಕೇಳಿದನಂತೆ. ಇನ್ನೂ ಯಾಕೆ ಅವನ ಜೊತೆ ಇದ್ದೀರಿ ಎಂದು ಫೋನಿನಲ್ಲಿ ಕೇಳಿದೆ. ಮಗನ ಗೋರಿ ಮನೆಯ ಅಂಗಳದಲ್ಲೇ ಇದೆ, ಬಿಟ್ಟು ಎಲ್ಲಿಗೆ ಹೋಗಲಿ ಎಂದರು ಆಕೆ.

ಈಗ ನಮ್ಮ ರಸ್ತೆಯ ತುಂಬ ಯಜಮಾನರ ಫ್ಲೆಕ್ಸು. ಪಕ್ಕದಲ್ಲಿ ಕೈಮುಗಿದು ನಿಂತ ನಾನು. ಬೇಡ ಅಂದಿದ್ದೆ. ಯಾವುದೋ ಮದುವೆಯ ಫೋಟೋದಿಂದ ಕತ್ತರಿಸಿ ಹಾಕಿಸಿದ್ದಾರೆ.