ಸೀಟಿ ಊದದ ಅಂಪೈರ್

ತೊಂಬತ್ತರ ದಶಕದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ವಾಲಿಬಾಲ್ ಪಂದ್ಯ ಎಲ್ಲೇ ನಡೆದರೂ ಅವರೇ ಅಂಪೈರ್. ಎತ್ತರದ ಕುರ್ಚಿ ಹತ್ತುವ ಮೊದಲು ಸೀಟಿಯನ್ನು ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತಿದ್ದರು. ಯಾರಾದರೂ ತಕರಾರು ತೆಗೆದರೆ, ತಮ್ಮ ಹವ್ಯಕ ಮಾತಿನಲ್ಲಿ "ಹೇಳು, ಕೇಳ್ತೆ" ಎನ್ನುತ್ತಿದ್ದರು. ಪೂರ್ತಿ ಕೇಳುತ್ತಿದ್ದರು, ತೀರ್ಪು ಮಾತ್ರ ಬದಲಾಗುತ್ತಿರಲಿಲ್ಲ.

ಒಮ್ಮೆ ನಾನು ಆಡುತ್ತಿದ್ದ ಇಡಗುಂದಿಯ ಫೈನಲ್‌ಗೆ ಅತಿಥಿಯಾಗಿ ಬಂದಿದ್ದ ಹೆಸರಾಂತ ಮಾಜಿ ಆಟಗಾರರೊಬ್ಬರು ಮೈಕು ಹಿಡಿದಿದ್ದರು. ನಾನು ಸರ್ವ್ ಮಾಡಲು ನಿಂತಾಗ, "ಇವನ ನಡಿಗೆ ನೋಡ್ರಿ! ಇಂಥವರಿಗೆ ಹುಡುಗಿಯರು ಬೇಡ, ಹುಡುಗರೇ ಬೇಕು" ಎಂದರು. ಮೈದಾನವೆಲ್ಲ ನಕ್ಕಿತು. ಚೆಂಡು ನನ್ನ ಕೈಯಲ್ಲೇ ಉಳಿಯಿತು.

ಅಂಪೈರ್ ಸೀಟಿಯನ್ನು ಜೇಬಿಗೆ ಹಾಕಿ ಕೆಳಗಿಳಿದರು. ಸಂಘಟಕರೊಬ್ಬರು ಓಡಿಬಂದು, "ಮಾತಾಡೋ ಸ್ವಾತಂತ್ರ್ಯ ಅವ್ರಿಗೆ ಇಲ್ವಾ ಮಾರಾಯ್ರೇ?" ಎಂದು ಕೇಳಿದರು.

"ಇದ್ದು. ಎಷ್ಟು ಬೇಕಾದ್ರೂ ಮಾತಾಡ್ಲಿ. ಅವು ಮುಗಿಸೋವರೆಗೆ ಆನು ಸೀಟಿ ಊದ್ತ್ನಿಲ್ಲೆ" ಎಂದು ಅವರು ಬೇಲಿಯ ಪಕ್ಕ ಹೋಗಿ ಕೂತುಬಿಟ್ಟರು. ಜನ ಕಾದರು. ನಗು ನಿಂತಿತು. ಕೊನೆಗೆ ಯಾರೋ "ಆಟ ಶುರು ಮಾಡಿ" ಎಂದು ಕೂಗಿದಾಗ ಅತಿಥಿ ಮೈಕು ಕೆಳಗಿಟ್ಟರು. ನಾವು ಸೋತೆವು. ಆದರೆ ಕೊನೆಯ ಪಾಯಿಂಟಿನವರೆಗೂ ನಾನು ತಲೆಯೆತ್ತಿ ಆಡಿದೆ. ಅದಕ್ಕೆ ಇಂದಿಗೂ ಅವರಿಗೆ ಋಣಿ.

ವರ್ಷಗಳ ನಂತರ ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಚಹಾ ಕುಡಿಯುತ್ತ, ಊರಿನಲ್ಲಿ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ: "ಸರ್, ಅವತ್ತು ಅವರು ಅಂದಿದ್ದು ಸುಳ್ಳಲ್ಲ."

"ಸುಳ್ಳು ಅಂತ ಆನು ಆಟ ನಿಲ್ಸಿದ್ದಲ್ಲ ತಮಾ" ಎಂದರು. ಚಹಾದ ಲೋಟ ಕೆಳಗಿಟ್ಟು, "ಜೊತೆಗೆ ಯಾರಾದ್ರೂ ಇದ್ವಾ?" ಎಂದು ಕೇಳಿದರು.

ಇದ್ದಾನೆ ಎಂದೆ.

"ಮುಂದಿನ ಸಲ ಅವ್ನನ್ನೂ ಕರ್ಕಂಡು ಬಾ. ಇಬ್ರೂ ಮನೆಗೇ ಬನ್ನಿ."