ಅತ್ತೆ ಕೂರಿಸಿದ ಬೆಲ್ಟ್

ನನ್ನ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರಿನಡಿ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಎಂಜಿನ್ ಆಯಿಲ್. ಲಿಂಬೆಸಿಪ್ಪೆ ಹಾಕಿ ಎಷ್ಟು ಉಜ್ಜಿದರೂ ಹೋಗದು. ಮದುವೆಯ ದಿನ ಅವರು ನನ್ನ ಕೈ ಹಿಡಿದುಕೊಂಡಾಗ ಅಮ್ಮನ ಕಣ್ಣು ಅಲ್ಲಿಗೇ ಬಿತ್ತು. ಅತ್ತೆ ಜೋರಾಗಿ ನಕ್ಕು, "ಹೆದರ್ಬೇಡಿ, ನಮ್ಮನೇಲಿ ಅಡುಗೆ ಮಾಡೋದು ನಿಮ್ಮ ಅಳಿಯ" ಎಂದರು.

ಅದು ನಿಜವೂ ಆಗಿತ್ತು.

ನಾನು ಮಡಿಕೇರಿಯ ಅರ್ಚಕರ ಮನೆಯವಳು. ನಮ್ಮಲ್ಲಿ ದನಿ ಏರಿಸಿ ಮಾತಾಡುವ ರೂಢಿಯೇ ಇಲ್ಲ. ಬಾಳೆಲೆ ಎಂಬ ಊರಿನ ಈ ಮನೆಯಲ್ಲಿ ಅತ್ತೆ ಕಾಫಿ ಒಣಗಿಸುವ ಕಣದಲ್ಲಿ ನಿಂತು ಯಾರನ್ನಾದರೂ ಕರೆದರೆ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರು. ಊರು ಬಿಟ್ಟು ಹೊರಟ ಎಸ್ಟೇಟ್ ಮ್ಯಾನೇಜರೊಬ್ಬರಿಂದ ಅವರು ಕೊಂಡದ್ದು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಅದರಲ್ಲೇ ಸಂತೆಗೆ ಹೋಗುವರು. ಬರುವಾಗ ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಕೂತಿರುತ್ತಿತ್ತು, ಬೆಲ್ಟ್ ಹಾಕಿಕೊಂಡು.

ಗದ್ದೆ ಕೊಯ್ಲು ಮುಗಿದ ಮೇಲೆ ನಮ್ಮ ಕಡೆ ಖಾಲಿ ಗದ್ದೆಗಳಲ್ಲಿ ಕಾರಿನ ರೇಸ್ ನಡೆಯುತ್ತದೆ. ಮದುವೆಯಾಗಿ ಬಂದ ಮೊದಲ ವರ್ಷವೇ, ನನ್ನನ್ನು ಒಂದು ಮಾತೂ ಕೇಳದೆ, ಅತ್ತೆ ಹೆಂಗಸರ ರೇಸಿಗೆ ನನ್ನ ಹೆಸರು ಕೊಟ್ಟು ಬಂದರು. "ನಂಗೆ ಸೊಂಟ ನೋವು. ನಿಂಗೆ ಎಂತ ಆಗಿದೆ?"

ತಯಾರಿ ಶುರುವಾಯಿತು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಕೇರಳದ ಗಡಿಯಲ್ಲಿರುವ ಕುಟ್ಟ ಎಂಬ ಊರಿನ ಮೆಕ್ಯಾನಿಕ್ ಬಂದು ತೊಳೆದುಕೊಟ್ಟ. ಮಲಯಾಳಂ ಮನೆಮಾತಿನ ಆತ ಅತ್ತೆಯನ್ನು 'ಚೇಚಿ', ಅಂದರೆ ಅಕ್ಕಾ, ಎಂದೇ ಕರೆಯುತ್ತಿದ್ದ. ಆತ ಹೋದ ಮೇಲೆ ಟೈಮಿಂಗ್ ಬೆಲ್ಟನ್ನು ಅತ್ತೆಯೇ ಬದಲಿಸಿದರು. ನಾನು ಟಾರ್ಚ್ ಹಿಡಿದೆ. ಎಂಜಿನ್ನಿನ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಮೇಲಿದೆ, ಪಿಸ್ಟನ್‌ಗಳನ್ನು ಆಡಿಸುವ ಕ್ರ್ಯಾಂಕ್‌ಶಾಫ್ಟ್ ಕೆಳಗಿದೆ. ಎರಡನ್ನೂ ಜೊತೆಯಾಗಿ ತಿರುಗಿಸುವುದು ಹಲ್ಲುಗಳಿರುವ ಈ ಬೆಲ್ಟ್ ಎಂದು ತಿಳಿದದ್ದು ಅವತ್ತೇ. "ವಾಲಗ ಒಂದು ಕಡೆ, ಕಾಲು ಒಂದು ಕಡೆ ಆದ್ರೆ ಕುಣಿತ ಹೇಗೆ ಬರ್ತದೆ ಹೇಳು? ಹಾಗೇ ಇದೂ" ಎಂದಿದ್ದರು.

ಮರುದಿನ ಕಾರು ನಿಂತಲ್ಲೇ ಚಳಿಜ್ವರ ಬಂದಂತೆ ನಡುಗಿತು. ಸಣ್ಣ ಏರಿನಲ್ಲೂ ಎಳೆಯಲಿಲ್ಲ.

ಅತ್ತೆ ಅಂಗಳದಲ್ಲೇ ನಿಂತು ಕುಟ್ಟಕ್ಕೆ ಫೋನ್ ಮಾಡಿದರು. "ನನ್ನ ಇಂಜೆಕ್ಟರ್ ಎಲ್ಲ ಹಾಳು ಮಾಡಿ ಹೋಗಿದ್ದೀಯಲ್ಲ!" ಆತ ಮೆಲ್ಲಗೆ, "ನಾನು ಮಾಡಿದ್ದು ಸರಿಯಾಗೇ ಉಂಟು ಚೇಚಿ. ಬೇಕಾದ್ರೆ ಬಿಚ್ಚಿ ನೋಡಿ" ಎಂದದ್ದು ನನಗೂ ಕೇಳಿಸಿತು. ಅತ್ತೆ ಕೇಳಲಿಲ್ಲ. ಅಂಗಡಿ ಮುಂದೆಯೂ ಹೇಳಿದರು, ಬಸ್ ನಿಲ್ದಾಣದಲ್ಲೂ ಹೇಳಿದರು. ಅದನ್ನು ಕೇಳಿ ಊರಿನ ಒಂದಿಬ್ಬರು ತಮ್ಮ ಜೀಪನ್ನು ಬೇರೆ ಗ್ಯಾರೇಜಿಗೆ ಒಯ್ದರು.

ಸಿಟ್ಟಿಳಿದ ಮೇಲೆ ಶೆಡ್ಡಿನಲ್ಲಿ ತಪಾಸಣೆ ನಡೆಯಿತು. ಇಂಜೆಕ್ಟರ್ ನೋಡಿದರೆ ಚೊಕ್ಕವಾಗಿದೆ. ಸ್ಪಾರ್ಕ್ ಪ್ಲಗ್ಗುಗಳಲ್ಲೂ ದೋಷವಿಲ್ಲ. ಪ್ಲಗ್ ಇರುವ ಜಾಗಕ್ಕೆ ಮೀಟರ್ ಸಿಕ್ಕಿಸಿ ಒಂದೊಂದೇ ಸಿಲಿಂಡರಿನ ಒತ್ತಡ ಅಳೆದರು. ನಾಲ್ಕರಲ್ಲೂ ಕಡಿಮೆ, ನಾಲ್ಕರಲ್ಲೂ ಒಂದೇ ಸಮ.

"ಒಂದರಲ್ಲಿ ಕಡಿಮೆ ಇದ್ರೆ ಅದೊಂದರ ತೊಂದರೆ. ಎಲ್ಲದರಲ್ಲೂ ಹೀಗಿದೆ ಅಂದ್ರೆ..." ಎಂದವರು ಮಾತು ನಿಲ್ಲಿಸಿದರು. ಅವರು ಮಾತನ್ನು ಅರ್ಧಕ್ಕೆ ಬಿಟ್ಟದ್ದು ನಾನು ಕಂಡಂತೆ ಅದೇ ಮೊದಲು.

ಬೆಲ್ಟಿನ ಮುಚ್ಚಳ ತೆಗೆದರು. ಸ್ಪ್ಯಾನರಿನಿಂದ ಕ್ರ್ಯಾಂಕ್ ತಿರುಗಿಸಿ ಕೆಳಗಿನ ಗುರುತನ್ನು ಅದರ ಜಾಗಕ್ಕೆ ತಂದರು. ಮೇಲೆ ಕ್ಯಾಮ್ ಚಕ್ರದ ಗುರುತು ನೋಡಿದರೆ ಒಂದು ಹಲ್ಲು ಹಿಂದಿದೆ. ವಾಲ್ವ್‌ಗಳು ತಡವಾಗಿ ಮುಚ್ಚುತ್ತಿದ್ದವು, ಒತ್ತಡ ಸೋರಿಹೋಗುತ್ತಿತ್ತು. ಬೆಲ್ಟ್ ಕೂರಿಸಿದ್ದು ಅತ್ತೆ.

"ಯಾರಿಗೂ ಗೊತ್ತಾಗಲ್ಲ ಅತ್ತೆ, ಸರಿ ಮಾಡಿ ಮುಚ್ಚಿಬಿಡೋಣ" ಎಂದೆ.

ಬಗ್ಗಿದಲ್ಲಿಂದಲೇ ನನ್ನನ್ನು ನೋಡಿದರು. "ಬೈಯೋವಾಗ ಊರಿಗೆಲ್ಲ ಕೇಳೋ ಹಾಗೆ ಬೈದಿದ್ದೇನಲ್ಲ ಮಾರಾಯ್ತಿ, ಈಗ ಪಿಸುಗುಟ್ಟಿದ್ರೆ ಆಗ್ತದಾ?"

ಬೆಲ್ಟ್ ಸರಿಯಾಗಿ ಕೂರಿಸಿ, ಅವತ್ತೇ ಕುಟ್ಟಕ್ಕೆ ಹೋಗಿ ತಪ್ಪಾಯಿತೆಂದು ಹೇಳಿ ಬಂದರು. ನನಗೆ ಅಲ್ಲಿಗೆ ಮುಗಿಯಿತೆನ್ನಿಸಿತ್ತು. ರೇಸಿನ ದಿನ, ನಾನು ಹೆಲ್ಮೆಟ್ ಹಾಕಿಕೊಳ್ಳುತ್ತಿರುವಾಗ, ಅತ್ತೆ ಗದ್ದೆ ಬದುವಿನ ಮೇಲೆ ಸರಸರ ನಡೆದು ಅನೌನ್ಸ್ ಮಾಡುತ್ತಿದ್ದವನ ಕೈಯಿಂದ ಮೈಕ್ ಕಸಿದುಕೊಂಡರು.

"ಎಲ್ಲ ಕೇಳಿ! ನನ್ನ ಕಾರು ಕೆಡಿಸಿದ್ದು ಕುಟ್ಟದ ನನ್ನ ತಮ್ಮ ಅಲ್ಲ. ಬೆಲ್ಟ್ ಒಂದು ಹಲ್ಲು ತಪ್ಪಿಸಿ ಕೂರಿಸಿದ್ದು ನಾನು. ಜೀಪು ಬೇರೆ ಕಡೆ ಕೊಂಡುಹೋದವರು ಅವನ ಹತ್ತಿರಾನೇ ವಾಪಸ್ ತನ್ನಿ!"

ಗದ್ದೆಯೆಲ್ಲ ಕೇಕೆ. ಜನರ ನಡುವೆ ನಿಂತಿದ್ದ ಮೆಕ್ಯಾನಿಕ್ ಮುಖಕ್ಕೆ ಟವೆಲ್ ಮುಚ್ಚಿಕೊಂಡು, "ಸಾಕು ಚೇಚಿ, ಮೈಕ್ ಕೊಡಿ" ಎಂದು ಕೂಗುತ್ತಿದ್ದ.

ರೇಸಿನಲ್ಲಿ ನಾನು ಕೊನೆಯವಳಾದೆ. ತಿರುವಿನಲ್ಲಿ ಕೆಸರಿಗಿಳಿದಿದ್ದೆ. ಆದರೆ ಅಲ್ಲಿಂದ ಕಾರು ಒಂದೇ ಉಸಿರಿಗೆ ಮೇಲೆದ್ದು ಬಂದದ್ದನ್ನು ಕಂಡು ಅತ್ತೆ, ಗೆದ್ದವಳನ್ನು ಬಿಟ್ಟು ನನ್ನನ್ನು ಅಪ್ಪಿಕೊಂಡರು. "ಎಳೀತು ನೋಡು! ಹೇಗೆ ಎಳೀತು ನೋಡು!"

ಕಳೆದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮನೆತುಂಬ ಜನ ಕೂತಿದ್ದಾಗ ಮೆಕ್ಯಾನಿಕ್ ಮೈಕಿನ ಕಥೆ ತೆಗೆದ. ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಹೊರಡುವಾಗ ಆತ ನನಗೆ ಹೇಳಿದ: "ಚೇಚಿ ಬೈದದ್ದು ನಂಗೆ ಅವತ್ತೇ ಮರೆತುಹೋಯ್ತು. ತಮ್ಮ ಅಂದದ್ದು ಮಾತ್ರ ಮರೆಯೋಕಾಗ್ಲಿಲ್ಲ."

ಈ ವರ್ಷ ಬೆಲ್ಟ್ ಬದಲಿಸಿದ್ದು ನಾನು. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ಮೇಲಿನ ಗುರುತು, ಕೆಳಗಿನ ಗುರುತು ನೋಡಿದೆ. ಸರಿಯಿತ್ತು. ಕಾಫಿ ಕಣದಲ್ಲಿ ನಿಂತು, ಒಳಗೆ ಅಡುಗೆ ಮಾಡುತ್ತಿದ್ದ ಗಂಡನಿಗೆ ಅದನ್ನೇ ಕೂಗಿ ಹೇಳಿದೆ. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು.